ಅಡಿಕೆಯ ಪ್ರಶ್ನೆಗೆ ಯಾವ ಟ್ಯಾಗ್?

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಕೃಷಿಕರ ಆನ್‌ಲೈನ್ ಬಳಗಗಳಲ್ಲಿ ಅಡಿಕೆ ಗರಿಗಳ ಫೋಟೊ ಸಾಲುಗಟ್ಟುತ್ತವೆ. ಕಂದು ಚುಕ್ಕಿ, ಅದರ ಸುತ್ತ ಹಳದಿ ಬಳೆ. ಕೆಳಗೆ ಒಂದೇ ಸಾಲು: ‘ಇದಕ್ಕೆ ಏನು ಹೊಡೆಯಬೇಕು?’ ಅದರ ಬೆನ್ನಿಗೆ #ಕೃಷಿ #ರೈತ #ಕರ್ನಾಟಕ #ತುರ್ತು #ಸಹಾಯಮಾಡಿ. ಉತ್ತರ ಬಲ್ಲವರು ಅದೇ ಬಳಗದಲ್ಲಿ ಇದ್ದರೂ ಈ ಪ್ರಶ್ನೆ ಅವರ ಕಣ್ಣಿಗೆ ಬೀಳುವುದು ಕಷ್ಟ. ಟ್ಯಾಗ್ ಕುರಿತ ಕೆಲವು ನಂಬಿಕೆಗಳೇ ಇದಕ್ಕೆ ಕಾರಣ.

‘ಟ್ಯಾಗ್ ಹೆಚ್ಚಾದಷ್ಟೂ ನೋಡುವವರು ಹೆಚ್ಚು’ ಎನ್ನುವುದು ಇವುಗಳಲ್ಲಿ ಎಲ್ಲಕ್ಕಿಂತ ಆಳಕ್ಕೆ ಬೇರುಬಿಟ್ಟದ್ದು. 2008ರಲ್ಲಿ ಶುರುವಾದ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವನ್ನು ನೋಡಿ. ಅಲ್ಲಿ ಪ್ರಶ್ನೆಯೊಂದಕ್ಕೆ ಒಂದು ಟ್ಯಾಗ್ ಇರಲೇಬೇಕು, ಐದಕ್ಕಿಂತ ಹೆಚ್ಚು ಹಾಕಲು ಬಿಡುವುದಿಲ್ಲ. ಇದರ ಹಿಂದಿನ ಲೆಕ್ಕಾಚಾರ ಸರಳ. ಒಂದು ವಿಷಯದಲ್ಲಿ ಪಳಗಿದವರು ಆ ವಿಷಯದ ಟ್ಯಾಗನ್ನಷ್ಟೇ ಹಿಂಬಾಲಿಸುತ್ತಾರೆ. ಅಡಿಕೆಯ ಪ್ರಶ್ನೆಗೆ #ಕಾಫಿ, #ಕಾಳುಮೆಣಸು ಎಂದೂ ಸೇರಿಸಿದರೆ ಕಾಫಿ ಬೆಳೆಗಾರರು ಸುಮ್ಮನೆ ತೆರೆದು ನೋಡಿ ಮುಚ್ಚುತ್ತಾರೆ. ನಾಲ್ಕಾರು ಸಲ ಹೀಗಾದರೆ ಆ ಟ್ಯಾಗನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ನಿಜವಾಗಿ ಕಾಫಿಯ ಬಗ್ಗೆ ಕೇಳಿದವರಿಗೆ ಉತ್ತರ ಹೇಳಲು ಯಾರೂ ಇರುವುದಿಲ್ಲ. ಈ ನಷ್ಟ ಟ್ಯಾಗ್ ಹಾಕಿದವರಿಗೆ ಕಾಣುವುದಿಲ್ಲ. ಅದಕ್ಕೇ ಈ ಚಾಳಿ ನಿಲ್ಲುವುದಿಲ್ಲ.

‘ತುರ್ತು’, ‘ಸಹಾಯ’, ‘ಪ್ರಶ್ನೆ’ ಇವು ಟ್ಯಾಗೇ ಅಲ್ಲ. ಇವು ಕೇಳುವವರ ಅವಸರವನ್ನು ಹೇಳುತ್ತವೆ, ವಿಷಯವನ್ನಲ್ಲ. ತುರ್ತು ಎಂಬ ವಿಷಯದ ತಜ್ಞರು ಯಾರಿದ್ದಾರೆ? ಅವಸರವಿದ್ದರೆ ಬರಹದ ಮೊದಲ ಸಾಲಿನಲ್ಲೇ ಹೇಳಿಬಿಡಬಹುದು.

‘ದೊಡ್ಡ ಟ್ಯಾಗ್ ಹಾಕಿದರೆ ದೊಡ್ಡ ಜನಸಂದಣಿ ಸಿಗುತ್ತದೆ’ ಎಂಬುದೂ ಇಂಥದ್ದೇ. #ಕೃಷಿ ಎಂಬುದರ ಕೆಳಗೆ ಟ್ರ್ಯಾಕ್ಟರ್ ಮಾರಾಟ, ಮಳೆ ಸುದ್ದಿ, ಸಬ್ಸಿಡಿ ಅರ್ಜಿ, ಹಸುವಿನ ವಿಡಿಯೊ ಎಲ್ಲವೂ ಹರಿದು ಬರುತ್ತವೆ. ನಿಮ್ಮ ಫೋಟೊ ನೋಡುನೋಡುತ್ತಲೇ ತಳ ಸೇರುತ್ತದೆ. ಹಾಗಿದ್ದರೆ ಏನು ಹಾಕಬೇಕು? ಇದಕ್ಕೆ ನಮ್ಮ ನೆಲದಲ್ಲೇ ಹುಟ್ಟಿದ ಒಂದು ಒಳ್ಳೆಯ ದಾರಿಯಿದೆ. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿಯೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಪುಸ್ತಕವನ್ನು ಮೊದಲೇ ಸಿದ್ಧವಿರುವ ಒಂದು ಗೂಡಿಗೆ ತುರುಕುವ ಬದಲು ಅದರ ವಿಷಯವನ್ನು ಮುಖಗಳಾಗಿ ಬಿಡಿಸಬೇಕು ಎಂಬುದು ಅವರ ವಿಧಾನ. ಯಾವುದರ ಬಗ್ಗೆ, ಅದು ಯಾವುದರಿಂದಾದದ್ದು, ಅದಕ್ಕೆ ಏನಾಗುತ್ತಿದೆ, ಎಲ್ಲಿ, ಯಾವಾಗ? ನಮ್ಮ ಅಡಿಕೆ ಗರಿಗೂ ಹೀಗೆಯೇ ಕೇಳಿಕೊಳ್ಳಬಹುದು. ಬೆಳೆ ಅಡಿಕೆ, ತೊಂದರೆ ಎಲೆಚುಕ್ಕಿ, ಊರು ಶೃಂಗೇರಿ. ಮೂರೇ ಟ್ಯಾಗ್ ಸಾಕು. ಇದೇ ತೊಂದರೆಯನ್ನು ಕಂಡ ಅಕ್ಕಪಕ್ಕದ ತೋಟದವರು, ಆ ರೋಗವನ್ನು ಬಲ್ಲವರು ಇಬ್ಬರೂ ಸಿಗುತ್ತಾರೆ.

ಆದರೆ ಅದು ಎಲೆಚುಕ್ಕಿಯೇ ಎಂದು ಖಚಿತವಿಲ್ಲದಿದ್ದರೆ? ‘ಯಾವುದಕ್ಕೂ ಇರಲಿ’ ಎಂದು ಎಲೆಚುಕ್ಕಿ, ಹಳದಿ ಎಲೆ, ಕೊಳೆ ಮೂರನ್ನೂ ಹಾಕುವವರಿದ್ದಾರೆ. ಇದು ನನಗೆ ನಿಜಕ್ಕೂ ಆತಂಕ ತರುವ ಅಭ್ಯಾಸ. ಎಲೆಚುಕ್ಕಿ ಶಿಲೀಂಧ್ರದಿಂದ ಬರುತ್ತದೆ, ಶಿಲೀಂಧ್ರನಾಶಕಕ್ಕೆ ಅಲ್ಲಿ ಕೆಲಸವಿದೆ. ಹಳದಿ ಎಲೆ ರೋಗಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಶಿಲೀಂಧ್ರವಲ್ಲ. ಅದಕ್ಕೆ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ. ಮುಂದಿನ ವರ್ಷ ಯಾರೋ ಹಳದಿ ಎಲೆ ಎಂಬ ಟ್ಯಾಗ್ ಒತ್ತಿ ನಿಮ್ಮ ಎಲೆಚುಕ್ಕಿಗೆ ಸಿಕ್ಕ ಸಲಹೆಯನ್ನು ಓದಿ ತಮ್ಮ ತೋಟಕ್ಕೆ ಸಿಂಪಡಿಸಿದರೆ ಆ ತಪ್ಪು ಟ್ಯಾಗ್‌ನದು. ರೋಗದ ಹೆಸರು ಗೊತ್ತಿಲ್ಲದಿದ್ದಾಗ ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಿ: #ಅಡಿಕೆ, #ಗರಿ_ಒಣಗುವುದು. ಹೆಸರಿಡುವುದನ್ನು ತಿಳಿದವರಿಗೆ ಬಿಡಿ.

‘ಈಗ ಹುಡುಕಾಟ ಚುರುಕಾಗಿದೆ, ಟ್ಯಾಗ್ ಯಾಕೆ?’ ಎನ್ನುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಎಳೆಕಾಯಿ ಕೊಳೆತು ಉದುರುವ ರೋಗವನ್ನು ಮಲೆನಾಡಿನವರು ಕೊಳೆ ಎಂದರೆ ದಕ್ಷಿಣ ಕನ್ನಡದವರು ಮಹಾಳಿ ಎನ್ನುತ್ತಾರೆ. ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಅಳತೆ ಇಬ್ಬರಿಗೂ ಒಂದೇ: ಶೇ. 1ರ ದ್ರಾವಣಕ್ಕೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಆದರೆ ಬರೀ ಮಹಾಳಿ ಎಂದು ಬರೆದದ್ದು ಕೊಳೆ ಎಂದು ಹುಡುಕುವವರಿಗೆ ಸಿಗುತ್ತದೆ ಎಂಬ ಭರವಸೆಯಿಲ್ಲ. ಇಂಥಲ್ಲಿ ಎರಡೂ ಹೆಸರನ್ನು ಟ್ಯಾಗ್ ಮಾಡುವುದು ಅತಿಯಲ್ಲ, ಉಪಕಾರ. ಇನ್ನು ಬರೀ ಫೋಟೊ ಹಾಕಿ ‘ಇದೇನು?’ ಎಂದವರ ಬರಹದಲ್ಲಿ ಹುಡುಕಲು ಪದವಾದರೂ ಎಲ್ಲಿದೆ?

ಕನ್ನಡದಲ್ಲಿ ಟ್ಯಾಗ್ ಹಾಕಿದರೆ ಕೆಲಸ ಮಾಡುವುದಿಲ್ಲ ಎಂಬ ಮಾತೂ ಓಡಾಡುತ್ತದೆ. ಮಾಡುತ್ತದೆ, ಕೆಲವು ಎಚ್ಚರಗಳು ಬೇಕು. ಹ್ಯಾಶ್‌ಟ್ಯಾಗ್ ಖಾಲಿ ಜಾಗ ಬಂದಲ್ಲಿಗೆ ಮುಗಿಯುತ್ತದೆ: #ಹಳದಿ ಎಲೆ ಎಂದರೆ ಉಳಿಯುವುದು ಹಳದಿ ಮಾತ್ರ. ವಾಕ್ಯದ ನಡುವೆ #ಅಡಿಕೆಗೆ, #ಅಡಿಕೆಯಲ್ಲಿ ಎಂದು ಬರೆದರೆ ವಿಭಕ್ತಿಯೂ ಟ್ಯಾಗ್‌ಗೆ ಅಂಟಿಕೊಂಡು ಅದು ಬೇರೆಯೇ ಟ್ಯಾಗ್ ಆಗುತ್ತದೆ. ಆದ್ದರಿಂದ ಟ್ಯಾಗ್‌ಗಳನ್ನು ಕೊನೆಯಲ್ಲಿ, ಬಿಡಿಪದವಾಗಿ ಹಾಕುವುದು ಕ್ಷೇಮ. ಅಡಿಕೆ, ಅಡಕೆ ಎರಡೂ ಬಳಕೆಯಲ್ಲಿವೆ, ಎರಡೂ ಬೇರೆ ಟ್ಯಾಗ್‌ಗಳು. ‘ಪವರ್‌ಟಿಲ್ಲರ್’ ಎಂಬಲ್ಲಿ ಒತ್ತಕ್ಷರ ಆಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿರುತ್ತದೆ. ಅದನ್ನು ಬಿಟ್ಟು ಬರೆದ ‘ಪವರ್ಟಿಲ್ಲರ್’ ತಾಣವೇ ಸರಿಪಡಿಸಿಕೊಳ್ಳದಿದ್ದರೆ ಕಂಪ್ಯೂಟರಿಗೆ ಇನ್ನೊಂದು ಪದ.

ಹಾಗಾಗಿ ಹೊಸ ಟ್ಯಾಗ್ ಹುಟ್ಟಿಸುವ ಮೊದಲು ನಾಲ್ಕಕ್ಷರ ಟೈಪ್ ಮಾಡಿ, ಬಳಗದವರು ಯಾವುದನ್ನು ಬಳಸುತ್ತಿದ್ದಾರೆಂದು ನೋಡಬೇಕು. ಟ್ವಿಟರಿನಲ್ಲಿ ಹ್ಯಾಶ್‌ಟ್ಯಾಗ್ ಬಳಸೋಣ ಎಂದು ಕ್ರಿಸ್ ಮೆಸ್ಸಿನಾ ಸೂಚಿಸಿದ್ದು 2007ರ ಆಗಸ್ಟ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೊ ಸುತ್ತ ಕಾಡ್ಗಿಚ್ಚು ಹಬ್ಬಿದಾಗ ಸುದ್ದಿ ಹಂಚಿಕೊಳ್ಳಲು ಒಂದೇ ಹ್ಯಾಶ್‌ಟ್ಯಾಗ್ ಬಳಕೆಗೆ ಬಂತು, ಈ ಪದ್ಧತಿಯ ಉಪಯೋಗ ಜನಕ್ಕೆ ಮನವರಿಕೆಯಾದದ್ದು ಆಗ. ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದರೆ ಅದು ಆಗುತ್ತಿರಲಿಲ್ಲ.

ಟ್ಯಾಗ್ ಒಮ್ಮೆ ಹಾಕಿದರೆ ಮುಗಿಯಿತು ಎಂದುಕೊಳ್ಳುವವರೂ ಬಹಳ. ನೀವು ಎಲೆಚುಕ್ಕಿ ಎಂದು ಕೇಳಿದ್ದು ಪರಿಶೀಲಿಸಿದ ಮೇಲೆ ಹಳದಿ ಎಲೆ ರೋಗವೆಂದು ತಿಳಿದರೆ, ಧನ್ಯವಾದ ಹೇಳಿ ಹೊರಡುವ ಮೊದಲು ತಿದ್ದುವ ಗುಂಡಿ ಒತ್ತಿ ಹಳೆಯ ಟ್ಯಾಗ್ ತೆಗೆದು ಸರಿಯಾದದ್ದನ್ನು ಹಾಕಿ.