ಜೀರ್ಣೋದ್ಧಾರಕನ ಕಾಗದಗಳು

ಹೋದ ಮಳೆಗಾಲಕ್ಕೆ ಮುಂಚೆ ನಮ್ಮ ಶಾಲೆಯ ಹಳೆಯ ಮೊಗಸಾಲೆಯ ಮಾಡನ್ನು ಬಿಚ್ಚಿ ದುರಸ್ತು ಮಾಡಿಸಬೇಕಾಯಿತು. ಮರವೆಲ್ಲಾ ಕೆಳಗಿಳಿದ ಮೇಲೆ ಬಡಗಿಯು, "ಅಮ್ಮನವರೇ, ಈ ಅಡ್ಡತೊಲೆ ಮೊದಲು ಯಾವ ಗೋಡೆಯ ಮೇಲೆ ಕೂತಿತ್ತು?" ಎಂದು ಕೇಳಿದನು. ನಮ್ಮೊಳಗೆ ಒಬ್ಬರಿಗೂ ಉತ್ತರ ಹೇಳಲಾಗಲಿಲ್ಲ. ಬಿಚ್ಚುವ ಮೊದಲು ಒಂದು ನಕ್ಷೆಯನ್ನಾದರೂ ಬರೆದಿಡಬೇಕೆಂಬ ಬುದ್ಧಿಯು ನಮಗೆ ಹೊಳೆದಿರಲಿಲ್ಲ. ಈ ನಾಚಿಕೆಯಿಂದಲೇ, ಬರೆದಿಡುವದರಲ್ಲಿ ಎಂದೂ ಬೇಸರಪಡದಿದ್ದ ಒಬ್ಬ ಶಿಲ್ಪಿಯ ವೃತ್ತಾಂತವನ್ನು ವಾಚಕರ ಮುಂದಿಡಲು ಮನಸ್ಸು ಮಾಡಿದೆವು.

ಆತನ ಹೆಸರು ಯೂಜೆನ್ ವಿಯೊಲೆ-ಲ-ದ್ಯೂಕ್. 1814ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಹುಟ್ಟಿದನು. ಆ ಕಾಲದಲ್ಲಿ ಶಿಲ್ಪಿಯಾಗಬೇಕೆಂಬವರೆಲ್ಲರೂ ಸರಕಾರದ ಕಲಾಶಾಲೆಗೆ ಸೇರುವದು ವಾಡಿಕೆಯಾಗಿದ್ದರೂ, ಅಲ್ಲಿ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆಯುತ್ತಾರೆಂದು ಎಣಿಸಿ ಈತನು ಸೇರಲೊಲ್ಲದೆ ಹೋದನು. ಅದಕ್ಕೆ ಬದಲಾಗಿ ಶಿಲ್ಪಿಗಳ ಕಚೇರಿಗಳಲ್ಲಿ ಕೆಲಸ ಕಲಿತು, ಫ್ರಾನ್ಸ್ ಮತ್ತು ಇಟಲಿ ದೇಶಗಳಲ್ಲಿ ಸಂಚರಿಸಿ, ಕಂಡ ಕಟ್ಟಡಗಳ ಚಿತ್ರಗಳನ್ನು ಬರೆದು ಬರೆದು ಕಣ್ಣನ್ನೂ ಕೈಯನ್ನೂ ಪಳಗಿಸಿಕೊಂಡನು. (ಪಾಠಶಾಲೆಯನ್ನು ನಡಿಸುವ ನಾವು ಇದನ್ನು ಬರೆಯುವಾಗ ಸ್ವಲ್ಪ ಅಳುಕುತ್ತೇವೆ, ಆದರೆ ಸತ್ಯವು ಸತ್ಯವೇ.)

1840ರಲ್ಲಿ ಪ್ರಾಚೀನ ಸ್ಮಾರಕಗಳ ಪರೀಕ್ಷಕನಾಗಿದ್ದ ಗ್ರಂಥಕರ್ತ ಪ್ರಾಸ್ಪೇರ್ ಮೆರಿಮೆಯು ಈ 26 ವರುಷದ ತರುಣನಿಗೆ ವೆಜಲೇ ಎಂಬ ಊರಿನ ದೇವಾಲಯವನ್ನು ಒಪ್ಪಿಸಿದನು. ಕಮಾನುಗಳ ಭಾರವು ಗೋಡೆಗಳನ್ನು ಹೊರಕ್ಕೆ ನೂಕಿ, ಕಟ್ಟಡವೆಲ್ಲಾ ಬೀಳುವದರಲ್ಲಿತ್ತು. ಈತನು ಹೊರಗಿನ ಆಸರೆಗಳನ್ನು ಪುನಃ ಕಟ್ಟಿಸಿ, ಕೆಲವು ಕಮಾನುಗಳನ್ನು ಬಿಚ್ಚಿ ಹಗುರಾಗಿ ತಿರುಗಿ ಹಾಕಿಸಿ ಅದನ್ನು ಉಳಿಸಿದನು. ಆ ಕೆಲಸವು ಮುಗಿಯಲು 19 ವರುಷಗಳು ಹಿಡಿದವು. ಅಷ್ಟರೊಳಗೆ, 1844ರಲ್ಲಿ, ಲಾಸ್ಸೂಸ್ ಎಂಬ ಶಿಲ್ಪಿಯೊಂದಿಗೆ ಸೇರಿ ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದ ಜೀರ್ಣೋದ್ಧಾರವೂ ಈತನ ಪಾಲಿಗೆ ಬಂತು.

ಈ ದೇವಾಲಯದ ಮುಂಭಾಗದಲ್ಲಿ ಯೆಹೂದದ ಅರಸರ 28 ವಿಗ್ರಹಗಳಿದ್ದವು. ಕ್ರಾಂತಿಯ ಕಾಲದ ಜನರು ಇವರನ್ನು ಫ್ರಾನ್ಸಿನ ಅರಸರೆಂದೇ ತಿಳಿದು 1793ರಲ್ಲಿ ತಲೆಗಳನ್ನು ಹೊಡೆದು ಹಾಕಿದರು. ಸತ್ಯವೇದವನ್ನು ಓದಿದ ಒಬ್ಬ ಹುಡುಗಿಯಾದರೂ ಆ ಗುಂಪಿನಲ್ಲಿದ್ದಿದ್ದರೆ! ವಿಯೊಲೆ-ಲ-ದ್ಯೂಕನು ಅದೇ ಕಾಲದ ಬೇರೆ ದೇವಾಲಯಗಳ ವಿಗ್ರಹಗಳನ್ನು ಪರಿಶೀಲಿಸಿ ಹೊಸ ಅರಸರನ್ನು ಕೆತ್ತಿಸಿದನು. ವಿಚಿತ್ರವೇನೆಂದರೆ, 1977ರಲ್ಲಿ ಪ್ಯಾರಿಸಿನಲ್ಲಿ ನೆಲವನ್ನು ಅಗೆಯುವಾಗ ಹಳೆಯ ತಲೆಗಳೊಳಗೆ 21 ಸಿಕ್ಕಿದವು. ಅವು ಈಗ ಅದೇ ಪಟ್ಟಣದ ಕ್ಲೂನಿ ವಸ್ತುಸಂಗ್ರಹಾಲಯದಲ್ಲಿವೆ. ಊಹೆಯನ್ನೂ ನಿಜವನ್ನೂ ಎದುರೆದುರಿಗೆ ಇಟ್ಟು ನೋಡುವ ಅವಕಾಶವು ಹೀಗೆ ಲೋಕಕ್ಕೆ ದೊರಕಿತು.

ಈತನ ಮೇಲಿನ ದೊಡ್ಡ ತಕರಾರು ಇಲ್ಲಿಯೇ ಇದೆ. ಜೀರ್ಣೋದ್ಧಾರವೆಂದರೆ ಬರೇ ಮುರಿದದ್ದನ್ನು ಕೂಡಿಸುವದಲ್ಲ, ಯಾವ ಕಾಲದಲ್ಲಿಯೂ ಇಲ್ಲದೆ ಇದ್ದಿರಬಹುದಾದಂಥ ಪೂರ್ಣಸ್ಥಿತಿಗೆ ಕಟ್ಟಡವನ್ನು ತರುವದೆಂದು ಈತನು ತನ್ನ ಹತ್ತು ಸಂಪುಟಗಳ ವಾಸ್ತುನಿಘಂಟಿನಲ್ಲಿ ಬರೆದನು. 18ನೆಯ ಶತಮಾನದ ಕೊನೆಯಲ್ಲಿ ಇಳಿಸಿಬಿಟ್ಟಿದ್ದ ಶಿಖರದ ಸ್ಥಾನದಲ್ಲಿ ಅದಕ್ಕಿಂತ ಎತ್ತರವಾದ, ನೆಲದಿಂದ 96 ಮೀಟರಿನ, ಓಕ್ ಮರಕ್ಕೆ ಸೀಸ ಹೊದಿಸಿದ ಶಿಖರವನ್ನು 1859ರಲ್ಲಿ ನಿಲ್ಲಿಸಿದನು. ಮೇಲ್ಗಡೆಯ ವಿಕಾರ ಪ್ರಾಣಿಗಳನ್ನೂ ತನ್ನ ಕಲ್ಪನೆಯಿಂದಲೇ ಸೇರಿಸಿದನು. ಇಂಗ್ಲೆಂಡಿನ ಜಾನ್ ರಸ್ಕಿನನು 1849ರಷ್ಟು ಹಿಂದೆಯೇ, ಜೀರ್ಣೋದ್ಧಾರವೆಂಬದು ಸುಳ್ಳು, ಅದು ನಾಶಕ್ಕಿಂತ ಮೇಲಲ್ಲ ಎಂದು ವಾದಿಸಿದ್ದನು. ನಮ್ಮ ಮನಸ್ಸು ಬಹುಮಟ್ಟಿಗೆ ರಸ್ಕಿನನ ಕಡೆಗೇ ವಾಲುತ್ತದೆ. ಇಲ್ಲದ್ದನ್ನು ಇತ್ತೆಂದು ತೋರಿಸುವದು ನಮಗೆ ಸರಿಬೀಳದು. ಆದರೆ ರಸ್ಕಿನನ ಮಾತನ್ನೇ ಕೇಳಿ ಕೈಕಟ್ಟಿ ಕೂತಿದ್ದರೆ ವೆಜಲೇಯ ದೇವಾಲಯವು ಇಂದು ಕಲ್ಲುರಾಶಿಯಾಗಿರುತ್ತಿತ್ತು.

ಈತನ ಪರವಾಗಿ ಹೇಳತಕ್ಕದ್ದು ಮುಖ್ಯವಾಗಿ ಆ ಕಾಗದಗಳೇ. ಏನು ಮಾಡಿದನೋ ಅದನ್ನು ಮರೆಮಾಡಲಿಲ್ಲ. ಕೆಲಸದ ಸ್ಥಳದಲ್ಲಿ ದಿನಚರಿಯನ್ನು ಇಡಿಸಿದನು. ಕೂಡಿಸಿದ ಕಲ್ಲುಗಳನ್ನು ಅಳತೆಯೊಡನೆ ಗುರುತಿಸಿದ ನಕ್ಷೆಗಳು ಲೆಕ್ಕದ ಕಾಗದಗಳಾಗಿ ಉಳಿದವು. ಶಿಖರದ ಮರಗೆಲಸಕ್ಕೆ ವಿವರವಾದ ಚಿತ್ರಗಳಿದ್ದವು. ಆಗ ಹೊಸದಾಗಿದ್ದ ಛಾಯಾಚಿತ್ರವನ್ನು ಸಹ ಹೊಗಳಿ, ಕಟ್ಟಡದಲ್ಲಿ ಕಣ್ಣಿಗೆ ಬೀಳದೆ ಹೋದದ್ದು ಚಿತ್ರದಲ್ಲಿ ಗೋಚರವಾಗುತ್ತದೆಂದು ಬರೆದನು. 1879ರಲ್ಲಿ ಲೊಸಾನ್ ಪಟ್ಟಣದಲ್ಲಿ ಈತನು ತೀರಿಕೊಂಡ ಮೇಲೆಯೂ ಕಾಗದಗಳು ಜೋಪಾನವಾಗಿ ಉಳಿದವು.

2019ನೆಯ ಇಸವಿ ಏಪ್ರಿಲ್ 15ರ ಸಾಯಂಕಾಲ ನೋತ್ರ್ ದಾಮಿನ ಮಾಡಿಗೆ ಬೆಂಕಿ ಹತ್ತಿ ಶಿಖರವು ಉರಿದು ಬಿತ್ತು. ಹೊಸ ಮಾದರಿಯ ಶಿಖರವನ್ನು ಕಟ್ಟಬೇಕೆಂದು ಕೆಲವರು ಸೂಚಿಸಿದರೂ, 2020ರಲ್ಲಿ ಮೊದಲಿನಂತೆಯೇ ಕಟ್ಟುವದು ನಿಶ್ಚಯವಾಯಿತು. 19ನೆಯ ಶತಮಾನದ ಆ ಚಿತ್ರಗಳನ್ನೂ, ಬೆಂಕಿಗೆ ಕೆಲವು ವರುಷಗಳ ಮುಂಚೆ ಲೇಸರ್ ಕಿರಣದಿಂದ ತೆಗೆದಿದ್ದ ಅಳತೆಗಳನ್ನೂ ಮುಂದಿಟ್ಟುಕೊಂಡು ಬಡಗಿಗಳು ಓಕ್ ಮರವನ್ನು ಕೊಯ್ದು ಜೋಡಿಸಿದರು. 2024ರ ದಶಂಬರದಲ್ಲಿ ದೇವಾಲಯದ ಬಾಗಿಲು ತೆರೆಯಿತು.

ಆ ಶಿಖರದ ಬುಡದಲ್ಲಿ ಹನ್ನೆರಡು ಮಂದಿ ಅಪೊಸ್ತಲರ ತಾಮ್ರದ ವಿಗ್ರಹಗಳಿದ್ದವು. ಹನ್ನೊಂದು ಮಂದಿ ಪಟ್ಟಣದ ಕಡೆಗೆ ನೋಡುತ್ತಿರಲು, ತೋಮನೊಬ್ಬನು ಮಾತ್ರ ಕೈಯಲ್ಲಿ ಅಳತೆಕೋಲನ್ನು ಹಿಡಿದು, ತಿರುಗಿ ಶಿಖರವನ್ನೇ ನೋಡುವವನಾಗಿದ್ದನು. ನಮ್ಮ ಹಿಂದೂದೇಶದ ಅರಸ ಗೊಂಡೋಫರನಿಗೆ ಅರಮನೆ ಕಟ್ಟಲು ಬಂದನೆಂಬ ಪುರಾತನ ಕಥೆಯಿಂದ ತೋಮನು ಕಟ್ಟುವವರ ಪಾಲಕನೆನಿಸಿದ್ದಾನೆ. ಆದರೆ ಆ ವಿಗ್ರಹದ ಮುಖವು ವಿಯೊಲೆ-ಲ-ದ್ಯೂಕನದೇ! ಇದು ಸ್ವಲ್ಪ ಅಹಂಕಾರವೆಂದು ನಮಗೆ ತೋರುತ್ತದೆ. ದುರಸ್ತಿಗೋಸ್ಕರ ಆ ವಿಗ್ರಹಗಳನ್ನೆಲ್ಲಾ ಕೆಳಗಿಳಿಸಿದ್ದು ಏಪ್ರಿಲ್ 11ರಂದು, ಬೆಂಕಿ ಬೀಳುವದಕ್ಕೆ ನಾಲ್ಕೇ ದಿವಸ ಮುಂಚೆ.