ಮುಗಿಲ ಪೊಲೀಸನಿಗೆ ನೇಮ್‌ಪ್ಲೇಟ್ ಎಲ್ಲಿ?

ಹೋದ ವರ್ಷ ಮುಂಗಾರಿನಲ್ಲಿ ಹರ್ತಿಯ ನಮ್ಮ ಹೊಲದ ಹತ್ತಿ ಎಲೆಗಳು ಇದ್ದಕ್ಕಿದ್ದಂತೆ ಮುದುಡಿಕೊಂಡವು. ರೋಗ ಇರಬೇಕೆಂದು ಅಪ್ಪ ಗದಗಿಗೆ ಹೋಗಿ ಎಣ್ಣಿ ತಂದು ಹೊಡೆದರು. ಆಮೇಲೆ ಗೊತ್ತಾಯಿತು, ಬದುವಿನಾಚೆ ಗೋವಿನಜೋಳಕ್ಕೆ ಡ್ರೋನ್ ತರಿಸಿ ಕಳೆನಾಶಕ ಹೊಡೆಸಿದ್ದರು. ಅದರ ತುಂತುರು ಗಾಳಿಯಲ್ಲಿ ತೇಲಿ ಬಂದು ನಮ್ಮ ಎರಡು ಎಕರೆಯ ಮೇಲೆ ಇಳಿದಿತ್ತು. ನಮ್ಮ ಕಡೆಯ ಗಾಳಿ ಎಂಥದ್ದು ಎಂದು ತಿಳಿಯದವರು ಕಪ್ಪತಗುಡ್ಡದ ಸಾಲಿನಲ್ಲಿ ನಿಂತ ಗಾಳಿಯಂತ್ರಗಳನ್ನು ಒಮ್ಮೆ ನೋಡಬೇಕು.

ಯಾರನ್ನು ಕೇಳುವುದು? ಹೊಲದವರು ಡ್ರೋನ್ ಹುಡುಗನ ಕಡೆ ಕೈ ತೋರಿಸಿದರು. ಅವನು ‘ನಾ ನಕ್ಷೆ ಹಾಕಿ ಬಿಟ್ಟೇನ್ರೀ, ಅದು ತಾನ ಹಾರತೈತಿ’ ಎಂದ. ಬಾಡಿಗೆಗೆ ಕೊಟ್ಟವರು ಫೋನ್ ಎತ್ತಲಿಲ್ಲ. ಕೊನೆಗೆ ಎಲ್ಲರೂ ಸೇರಿ ತಪ್ಪನ್ನು ಗಾಳಿಯ ಮೇಲೆ ಹಾಕಿದರು.

ಪೊಲೀಸರ ಕೈಗೆ ಆಯುಧ ಹೊತ್ತ ಡ್ರೋನ್ ಕೊಡಬೇಕೋ ಬೇಡವೋ ಎಂದು ಮೊನ್ನೆ ದೊಡ್ಡಪ್ಪನ ಮಗ ನನ್ನ ಜೊತೆ ವಾದಕ್ಕೆ ಕೂತಾಗ ನನಗೆ ಮೊದಲು ನೆನಪಾದದ್ದು ಆ ಹತ್ತಿ ಎಲೆ.

ಅಣ್ಣ ಕಾನ್‌ಸ್ಟೆಬಲ್. ಧಾರವಾಡದಲ್ಲಿ ರೂಮು ಮಾಡಿಕೊಂಡು ಮೂರು ವರ್ಷ ಓದಿ, ಓಡಿ, ಎರಡು ಸಲ ಫೇಲಾಗಿ ನೌಕರಿ ಹಿಡಿದವನು. ಒಂದು ಬಂದೋಬಸ್ತ್‌ನಲ್ಲಿ ಕಲ್ಲು ಬಿದ್ದು ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದಿವೆ. ಅವನು ಡ್ಯೂಟಿ ಮುಗಿಸಿ ಫೋನ್ ಮಾಡುವವರೆಗೆ ದೊಡ್ಡವ್ವ ಊಟಕ್ಕೆ ಕೂರುವುದಿಲ್ಲ. ‘ನೀ ಕಾಲೇಜಿನ್ಯಾಗ ಕುಂತು ಮಾತಾಡ್ತಿ ಯವ್ವಾ, ಕಲ್ಲು ಬೀಳೂದು ನನ್ನ ತಲೀ ಮ್ಯಾಲ. ಡ್ರೋನ್ ಒಡದ್ರ ಇನ್ನೊಂದು ತರಬಹುದು. ನನ್ನ ತಲಿ ಒಡದ್ರ?’ ಎಂದ. ತಟ್ಟನೆ ಹೇಳಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಇದು ಸಿನಿಮಾದ ಮಾತಲ್ಲ. 2024ರ ಫೆಬ್ರುವರಿ 13ರಂದು ಪಂಜಾಬ್–ಹರಿಯಾಣದ ನಡುವಿನ ಶಂಭು ಗಡಿಯಲ್ಲಿ, ದೆಹಲಿಗೆ ಹೊರಟಿದ್ದ ರೈತರ ಮೇಲೆ ಹರಿಯಾಣ ಪೊಲೀಸರು ಡ್ರೋನ್‌ಗಳಿಂದ ಅಶ್ರುವಾಯು ಶೆಲ್ ಹಾಕಿದರು. ಮಧ್ಯಪ್ರದೇಶದ ಟೇಕನ್‌ಪುರದಲ್ಲಿ ಬಿಎಸ್‌ಎಫ್‌ನ ಅಶ್ರುವಾಯು ಘಟಕವಿದೆ, ಶೆಲ್ ಹಾಕುವ ಡ್ರೋನನ್ನು ಅದು 2022ರಲ್ಲೇ ಸಿದ್ಧಪಡಿಸಿತ್ತು. ಶಂಭುವಿನ ಹುಡುಗರು ಡ್ರೋನ್ ಕೆಡವಲು ಗಾಳಿಪಟ ಹಾರಿಸಿದರು! ದಾರ ರೆಕ್ಕೆಗೆ ಸುತ್ತಿಕೊಳ್ಳಲಿ ಎಂಬ ಲೆಕ್ಕ. ಆ ವಿಡಿಯೊ ನೋಡಿ ಹಾಸ್ಟೆಲ್‌ನಲ್ಲಿ ನಾವೆಲ್ಲ ನಕ್ಕಿದ್ದೆವು. ಆದರೆ ಅದೇ ದಿನಗಳಲ್ಲಿ ಪಟಿಯಾಲಾ ಜಿಲ್ಲಾಧಿಕಾರಿ ಪಕ್ಕದ ಅಂಬಾಲಾ ಜಿಲ್ಲಾಧಿಕಾರಿಗೆ ‘ನಿಮ್ಮ ಡ್ರೋನ್ ನಮ್ಮ ರಾಜ್ಯದೊಳಗೆ ಕಳಿಸಬೇಡಿ’ ಎಂದು ಪತ್ರ ಬರೆಯಬೇಕಾಯಿತು. ಲಾಠಿ ಹಿಡಿದ ಪೊಲೀಸ್ ಬ್ಯಾರಿಕೇಡ್ ಹತ್ತಿರ ನಿಲ್ಲುತ್ತಾನೆ. ಡ್ರೋನ್‌ಗೆ ಯಾವ ಬ್ಯಾರಿಕೇಡು? ಆ ಹೋರಾಟಕ್ಕೆ ಕರ್ನಾಟಕದಿಂದ ರೈಲಿನಲ್ಲಿ ಹೊರಟಿದ್ದ ರೈತರನ್ನು ಭೋಪಾಲ್‌ನಲ್ಲೇ ವಶಕ್ಕೆ ಪಡೆದಿದ್ದರು. ಇಲ್ಲದಿದ್ದರೆ ನಮ್ಮವರ ತಲೆಯ ಮೇಲೂ ಅವು ಹಾರಾಡುತ್ತಿದ್ದವು.

ಅಶ್ರುವಾಯು ಜೀವ ತೆಗೆಯುವುದಿಲ್ಲವಲ್ಲ ಎಂದು ಅಣ್ಣ ಕೇಳಿದ. ಹೊಗೆ ತೆಗೆಯದೇ ಇರಬಹುದು, ಶೆಲ್ ಗಟ್ಟಿ ವಸ್ತು. ಅದನ್ನು ಮನುಷ್ಯರಿಗೆ ನೇರವಾಗಿ ಗುರಿಯಿಟ್ಟು ಹೊಡೆಯಬಾರದು ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ, ಇದನ್ನು ಅವನೇ ಹಿಂದೆ ಹೇಳಿದ್ದ. ಗುಂಪಿನ ನೆತ್ತಿಯ ಮೇಲೆ ನಿಂತು ಬಿಟ್ಟರೆ ಅದು ಬೀಳುವುದು ಎಲ್ಲಿಗೆ? ಗಾಳಿ ಬೇರೆ ಇದೆ. ಹತ್ತು ಅಡಿ ಎತ್ತರದಿಂದ ಬಿಟ್ಟ ಎಣ್ಣಿ ಬದು ದಾಟಿ ಬರುವುದಾದರೆ, ಮನೆ ಎತ್ತರ ದಾಟಿದ ಮೇಲಿಂದ ಬಿಟ್ಟ ಹೊಗೆ ಯಾರ ಮನೆಯ ತೊಟ್ಟಿಲಿಗೆ ಹೋಗುತ್ತದೋ!

ಇನ್ನೊಂದು, ಅಶ್ರುವಾಯುವಿಗೇ ನಿಲ್ಲುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ? ಅಮೆರಿಕದ ನಾರ್ತ್ ಡಕೋಟಾ ರಾಜ್ಯದಲ್ಲಿ 2015ರಲ್ಲಿ ಒಬ್ಬ ಶಾಸಕರು ಪೊಲೀಸ್ ಡ್ರೋನ್‌ಗೆ ಯಾವ ಆಯುಧವೂ ಬೇಡ ಎಂದು ಮಸೂದೆ ತಂದರು. ಅದು ಕಾನೂನಾಗಿ ಹೊರಬರುವಷ್ಟರಲ್ಲಿ ‘ಪ್ರಾಣ ತೆಗೆಯುವ ಆಯುಧ ಬೇಡ’ ಎಂದಷ್ಟೇ ಉಳಿದಿತ್ತು. ಕಣ್ಣುರಿಸುವ, ಶಾಕ್ ಕೊಡುವ ಸಾಮಾನುಗಳಿಗೆ ಹಾಗೆ ದಾರಿಯಾಯಿತು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಡಳಿತ ಮಂಡಳಿ 2022ರ ನವೆಂಬರ್ 29ರಂದು, ತೀರಾ ಅಪಾಯದ ಹೊತ್ತಿನಲ್ಲಿ ಪೊಲೀಸ್ ರೋಬೊಟ್ ಜನರನ್ನು ಕೊಲ್ಲಬಹುದು ಎಂದು 8–3 ಮತಗಳಿಂದ ಒಪ್ಪಿತು. ಜನ ಬೀದಿಗೆ ಬಂದರು, ವಾರದಲ್ಲೇ ನಿರ್ಧಾರ ತಿರುಗಿತು. ಅಣ್ಣ ಮಾತ್ರ 2016ರ ಡಲ್ಲಾಸ್ ಹಿಡಿದುಕೊಂಡು ಕೂತ. ಅಲ್ಲಿ ಐವರು ಪೊಲೀಸರನ್ನು ಕೊಂದು ಅಡಗಿದ್ದ ಬಂದೂಕುಧಾರಿಯನ್ನು ಬಾಂಬ್ ಕಟ್ಟಿದ ರೋಬೊಟ್ ಕಳಿಸಿ ಮುಗಿಸಿದರು. ಆರನೆಯ ಪೊಲೀಸ್ ಯಾಕೆ ಸಾಯಬೇಕಿತ್ತು ಎಂದು ಕೇಳಿದರೆ ನಾನು ಬಾಯಿ ಮುಚ್ಚಬೇಕು. ಆದರೆ ಅಂಥ ದಿನ ತೋರಿಸಿ ಖರೀದಿ ಮಾಡಿದ ಯಂತ್ರ ದಿನಾ ಕೆಲಸ ಮಾಡುವುದು ಯಾರ ಮೇಲೆ? ನೀರು ಕೇಳಿ, ಬೆಲೆ ಕೇಳಿ ರಸ್ತೆಗೆ ಬಂದವರ ಮೇಲೆ.

ಇದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಲಪ್ರಭಾ ಕಾಲುವೆ ಪ್ರದೇಶದ ಬೆಟರ್‌ಮೆಂಟ್ ಲೆವಿ ವಿರುದ್ಧ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಸತ್ತರು. ರೊಚ್ಚಿಗೆದ್ದ ಗುಂಪಿನ ಕೈಗೆ ಸಿಕ್ಕು ಪೊಲೀಸರೂ ಸತ್ತರು. ಆ ಪೊಲೀಸರ ಮನೆಯಲ್ಲೂ ನಮ್ಮ ದೊಡ್ಡವ್ವನಂಥವರು ಊಟಕ್ಕೆ ಕಾದಿರಬೇಕು. ಇದನ್ನು ಬಿಟ್ಟು ಹುತಾತ್ಮರ ದಿನದ ಭಾಷಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನನ್ನ ಅವ್ವನ ತವರು ನರಗುಂದದ ಬಳಿಯ ಹಳ್ಳಿ. ಅಜ್ಜ ಅವತ್ತು ಪೇಟೆಯಲ್ಲಿದ್ದ, ಹೆಗಲ ಮೇಲೆ ತಂಗಿಯ ಮಗ. ಓಡುತ್ತ ಒಂದು ಸಂದಿಗೆ ಹೊಕ್ಕರೆ ಎದುರಿಗೆ ಲಾಠಿ ಎತ್ತಿದ ಪೊಲೀಸ. ಕೂಸನ್ನು ನೋಡಿ ಅವನು ಲಾಠಿ ಇಳಿಸಿ, ‘ಅತ್ತಾಗ ಹೋಗಬ್ಯಾಡ, ಹಿತ್ತಲ ಹಿಡದು ಹೋಗು’ ಎಂದನಂತೆ. ಅಜ್ಜನಿಗೆ ಪೊಲೀಸರ ಮೇಲೆ ಪ್ರೀತಿಯೇನೂ ಇಲ್ಲ. ‘ಹೊಡದವರೂ ಅವರ, ಬಿಟ್ಟವರೂ ಅವರ’ ಅನ್ನುತ್ತಾನೆ. ಡ್ರೋನ್‌ನಲ್ಲೂ ಕ್ಯಾಮೆರಾ ಇರುತ್ತದೆ, ಇನ್ನೂ ಚೆಂದ ಕಾಣುತ್ತದೆ ಎಂದು ಅಣ್ಣ ವಾದಿಸಿದ. ಮೇಲಿಂದ ಕಾಣುವುದು ಬರೀ ಪಟಗಾ. ಕಲ್ಲು ಹಿಡಿದವನದೂ, ಕೂಸು ಹೊತ್ತವನದೂ.

2016ರ ಜುಲೈನಲ್ಲಿ ಮಹದಾಯಿ ಹೋರಾಟದ ವೇಳೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಹೆಂಗಸರು, ಮುದುಕರು ಎನ್ನದೆ ಹೊಡೆದರು. ಟಿ.ವಿ.ಯಲ್ಲಿ ದೃಶ್ಯ ಬಂತು, ಮುಖಗಳು ಕಂಡವು, ಕೆಲವರು ಅಮಾನತಾದರು. ದೊಡ್ಡ ನ್ಯಾಯವೇನಲ್ಲ, ಆದರೆ ಯಮನೂರಿನವರಿಗೆ ‘ಇಂವಾ ಹೊಡದಾಂವ’ ಎಂದು ಬೆರಳು ಮಾಡಲಾದರೂ ಒಬ್ಬ ಮನುಷ್ಯನಿದ್ದ. ಖಾಕಿ ಎದೆಯ ಮೇಲೆ ನೇಮ್‌ಪ್ಲೇಟ್ ಇರುತ್ತದೆ. ಡ್ರೋನ್‌ಗೂ ಗುರುತಿನ ಸಂಖ್ಯೆ ಇರುತ್ತದೆ ನಿಜ, ಅದನ್ನು ನೆಲದಲ್ಲಿ ನಿಂತು ಓದುವವರು ಯಾರು?

ಕಾನೂನು ಏನನ್ನುತ್ತದೆ ಎಂದು ಹುಡುಕಿದೆ. ಅಕ್ರಮ ಕೂಟ ಚದುರಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಇದೆ. ಚದುರಿ ಎಂದು ಆಜ್ಞೆ ಮಾಡುವವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ, ಅವರಿಲ್ಲದಿದ್ದರೆ ಕನಿಷ್ಠ ಪಿಎಸ್‌ಐ ದರ್ಜೆಯವರು. ಅಂದರೆ ಸ್ಥಳದಲ್ಲಿ ಒಬ್ಬ ಜವಾಬ್ದಾರ ಮನುಷ್ಯ ನಿಂತಿರುತ್ತಾನೆ ಎಂಬ ನಂಬಿಕೆಯ ಮೇಲೆ ಬರೆದ ಕಲಂ ಅದು. 2021ರ ಡ್ರೋನ್ ನಿಯಮಗಳು ಭೂಸೇನೆ, ನೌಕಾಪಡೆ, ವಾಯುಪಡೆಗೆ ಅನ್ವಯಿಸುವುದಿಲ್ಲ. ಆ ಸಾಲಿನಲ್ಲಿ ಪೊಲೀಸರ ಹೆಸರಿಲ್ಲ. ಗೊಬ್ಬರದ ನೀರು ಸಿಂಪಡಿಸುವ ‘ಡ್ರೋನ್ ದೀದಿ’ಯೂ ತರಬೇತಿ ಪಡೆದು ಸರ್ಟಿಫಿಕೇಟ್ ತರಬೇಕು. ಜನರ ಮೇಲೆ ಶೆಲ್ ಬಿಡುವ ಡ್ರೋನ್‌ಗೆಂದು ಮಾತ್ರ ಸಂಸತ್ತಿನಲ್ಲಾಗಲೀ ನಮ್ಮ ವಿಧಾನಸಭೆಯಲ್ಲಾಗಲೀ ಒಂದು ಕಾನೂನು ಆಗಿಲ್ಲ.

ಜಾತ್ರೆಯಲ್ಲಿ ಕ್ಯಾಮೆರಾ ಡ್ರೋನ್ ಹಾರಿಸಲಿ, ತಪ್ಪಿಸಿಕೊಂಡ ಮಕ್ಕಳನ್ನು ಹುಡುಕಲಿ, ಹೊಳೆ ಬಂದಾಗ ಔಷಧಿ ಕಳಿಸಲಿ, ನನ್ನ ತಕರಾರಿಲ್ಲ. ಆಯುಧ ಮಾತ್ರ ಬೇಡ, ‘ಅಷ್ಟೇನೂ ಅಪಾಯವಿಲ್ಲದ್ದು’ ಕೂಡ ಬೇಡ. 1980ರಲ್ಲಿ ಸರ್ಕಾರದ ಬಳಿ ಮನುಷ್ಯರ ಬದಲು ಡ್ರೋನ್‌ಗಳಿದ್ದಿದ್ದರೆ ಆ ಪೊಲೀಸರು ಬದುಕುತ್ತಿದ್ದರು ಎಂದು ಅಣ್ಣ ಹೇಳುತ್ತಾನೆ. ಇರಬಹುದು. ಎದುರಿಗೆ ಬಂದು ನಿಲ್ಲುವ ಕಷ್ಟವೇ ಇಲ್ಲದ ಸರ್ಕಾರ ರೈತರ ಜೊತೆ ಮಾತಿಗೆ ಕೂರುತ್ತಿತ್ತೇ ಎಂದು ನಾನು ಕೇಳುತ್ತೇನೆ. ಇಲ್ಲಿಗೆ ಬಂದು ಇಬ್ಬರೂ ನಿಂತಿದ್ದೇವೆ.

ಇದಿಷ್ಟನ್ನೂ ಬರೆದು ಅವನಿಗೇ ಓದಲು ಕೊಟ್ಟೆ. ಹುಬ್ಬಿನ ಗಾಯ ತೀಡಿಕೊಳ್ಳುತ್ತ ಓದಿ ಮುಗಿಸಿ, ‘ಡ್ರೋನ್ ಬ್ಯಾಡಂದ್ರ ಬಿಡ, ಒಂದು ಛಲೋ ಹೆಲ್ಮೆಟ್ ಆದ್ರೂ ಕೊಡ್ರಿ ಅಂತ ಬರಿ’ ಅಂದ. ಬರೆದಿದ್ದೇನೆ.