ತಾಟೆ ಮೀನೂ ಗಲ್ಲಾಪೆಟ್ಟಿಗೆಯೂ

ರಜೆಯ ದಿನಗಳು ಬಂದವೆಂದರೆ ಟ್ರಂಕು ಕಟ್ಟಿ ಊರಿನ ಹಾದಿ ಹಿಡಿಯುವುದು, ದೈವದ ಕೋಲಕ್ಕೋ ದೇವರ ರಥೋತ್ಸವಕ್ಕೋ ಮುಖ ತೋರಿಸಿ ಮರಳುವುದು - ಮುಂಬಯಿ ಕನ್ನಡಿಗನಿಗೆ ತಿಳಿದಿದ್ದ ಪ್ರವಾಸವೆಂದರೆ ಬಹುಕಾಲ ಇದೊಂದೇ ಆಗಿತ್ತು. ಈಗ ಕಾಲ ಬದಲಾಗಿದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರ ಮಕ್ಕಳಲ್ಲಿ ಕೆಲವರು ಬೆನ್ನಿಗೆ ಗಾಳಿಯ ಸಿಲಿಂಡರು ಬಿಗಿದುಕೊಂಡು ಕಡಲಿನೊಳಕ್ಕೆ ಇಳಿಯುತ್ತಿದ್ದಾರೆ. ಇಳಿಯುವುದು ಮುತ್ತು ಹವಳಗಳನ್ನು ತರುವುದಕ್ಕಲ್ಲ, ತಾಟೆ ಮೀನನ್ನು ಅದರ ಮನೆಯಲ್ಲೇ ಕಂಡು ಬರುವುದಕ್ಕೆ! ತಾಟೆಯೆಂದರೆ ಇಂಗ್ಲಿಷಿನ ಶಾರ್ಕ್, ಕೊಂಕಣಿಗರ ಮೋರಿ, ಇಲ್ಲಿಯ ಮರಾಠಿ ಬಾಂಧವರ ಮುಶಿ. ಊರಿನಲ್ಲಿ ಗಸಿಯ ಬಟ್ಟಲಿನಲ್ಲಿ ಮಾತ್ರ ಅದರ ದರ್ಶನ ಪಡೆದ ಹಿರಿಯರಿಗೆ ಇದು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ.

ಈ ಪ್ರವಾಸಗಳಲ್ಲಿ ಹೆಚ್ಚು ಪ್ರತಿಷ್ಠೆಯದು ಹಡಗುವಾಸದ ಪ್ರವಾಸ. ಅಂದರೆ ದಡದ ಹೊಟೇಲಿನಲ್ಲಿ ಕೋಣೆ ಹಿಡಿಯದೆ ಹಡಗಿನಲ್ಲೇ ಉಂಡು, ಮಲಗಿ, ದಿನಕ್ಕೆ ಮೂರು ನಾಲ್ಕು ಬಾರಿ ನೀರಿಗಿಳಿಯುವುದು. ಇಂತಹ ದಿನಚರಿ ಏಳೆಂಟು ದಿನ ನಡೆಯುವುದು. ಮಾಲ್ದೀವಿನ ಮಾಲೆಯಿಂದ ಇಂತಹ ಹಡಗುಗಳು ಬಹಳ ಹೊರಡುತ್ತವೆ. ಇದಕ್ಕೆ ಮೂಲವಾದ ಉಸಿರಾಟದ ಉಪಕರಣವನ್ನು 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾಞ್ಯಾ ಎಂಬಿಬ್ಬರು ರೂಪಿಸಿದರು. ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡ ನೆಲದ ಮೇಲಿನದಕ್ಕಿಂತ ಇಮ್ಮಡಿಯಾಗುತ್ತದೆ. ಮೇಲೇರುವಾಗ ಅವಸರಪಟ್ಟರೆ ರಕ್ತದಲ್ಲಿ ಕರಗಿದ ಸಾರಜನಕವು ಸೋಡಾ ಬಾಟಲಿಯ ಗುಳ್ಳೆಗಳಂತೆ ಉಕ್ಕಿ ಕೀಲುಗಳನ್ನೂ ಕೆಲವೊಮ್ಮೆ ಪ್ರಾಣವನ್ನೂ ಹಿಡಿಯುತ್ತದೆ. ಆದುದರಿಂದಲೇ ಮೊದಲ ದರ್ಜೆಯ ತರಬೇತಿ ಪಡೆದವರಿಗೆ ಹದಿನೆಂಟು ಮೀಟರಿನ ಮಿತಿ. ಕೊನೆಯ ಮುಳುಗಿನ ನಂತರ ಹದಿನೆಂಟು ಗಂಟೆಗಳಾದರೂ ವಿಮಾನ ಹತ್ತಕೂಡದೆಂಬ ಕಟ್ಟಳೆ.

ತಾಟೆಯ ಭಯವಿಲ್ಲವೇ ಎಂದು ಡೊಂಬಿವಲಿಯ ಸ್ನೇಹಿತರೊಬ್ಬರ ಮಗನನ್ನು ನಾವು ಕೇಳಿದ್ದುಂಟು. "ಮಾಮ, ನಮ್ಮ ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡುವುದಕ್ಕಿಂತ ಅದು ವಾಸಿ" ಎಂದು ಅವನು ನಕ್ಕುಬಿಟ್ಟ. ಮಾತು ಉಡಾಫೆಯಾಗಿ ತೋರಿದರೂ ಲೆಕ್ಕ ತಪ್ಪಲ್ಲ. ಇಡೀ ಜಗತ್ತಿನಲ್ಲಿ, ತಾನಾಗಿ ಕೆಣಕದೆ ತಾಟೆಯ ಕಡಿತದಿಂದ ಸಾಯುವವರು ವರ್ಷಕ್ಕೆ ಸರಾಸರಿ ಹತ್ತು ಮಂದಿಯೂ ಇಲ್ಲ. ಹಾಗೆಂದು ಅಪಾಯವೇ ಇಲ್ಲವೆನ್ನಲಾಗದು. 2024ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಪಾಲಘರ್ ಜಿಲ್ಲೆಯ ಮನೋರಿನ ಬಳಿ, ವೈತರಣಾ ನದಿಯ ಹಿನ್ನೀರಿನಲ್ಲಿ, ತಾಟೆಯೊಂದು ಒಬ್ಬನ ಕಾಲನ್ನು ಕಚ್ಚಿ ತೀವ್ರವಾಗಿ ಗಾಯಗೊಳಿಸಿತು. ನದಿಯಲ್ಲಿ ತಾಟೆಯೇ ಎಂದು ಹುಬ್ಬೇರಿಸಿದವರು ಬಹಳ ಮಂದಿ. ಇಂಗ್ಲಿಷಿನವರು ಗೂಳಿಯ ಹೆಸರಿನಿಂದ ಕರೆಯುವ ಜಾತಿಯೊಂದಕ್ಕೆ ಸಿಹಿನೀರೂ ಒಗ್ಗುತ್ತದೆ. ಉಬ್ಬರದ ಜೊತೆಗೆ ಅದು ಅಳಿವೆಗಳನ್ನು ಹೊಕ್ಕುಬರುತ್ತದೆ.

ಇನ್ನು ವ್ಯವಹಾರದ ಮಾತು. ಹಲವು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೆ ಯಾವುದನ್ನು ಕಂಡರೂ ಲೆಕ್ಕ ಹಾಕುವ ಚಾಳಿ ಬಿಡುವುದಿಲ್ಲ, ವಾಚಕರು ಮನ್ನಿಸಬೇಕು. 1993ರಲ್ಲಿ ಮಾಲ್ದೀವಿನ ತಾಟೆ ಮೀನುಗಾರಿಕೆಯನ್ನು ಪರಿಶೀಲಿಸಿದ ತಜ್ಞರಿಬ್ಬರು ಒಂದು ಲೆಕ್ಕವನ್ನು ಮುಂದಿಟ್ಟರು. ಬೂದು ಬಣ್ಣದ ಬಂಡೆ ತಾಟೆಯೊಂದನ್ನು ಹಿಡಿದು ಮಾರಿದರೆ ಮೀನುಗಾರನಿಗೆ ಒಂದೇ ಬಾರಿ ಸುಮಾರು 32 ಡಾಲರು ದೊರೆಯುತ್ತದೆ. ಅದೇ ತಾಟೆ ಜೀವಂತವಾಗಿ ಪ್ರವಾಸಿಗಳ ಕಣ್ಣಿಗೆ ಬೀಳುತ್ತಿದ್ದರೆ ವರ್ಷಕ್ಕೆ ಸರಾಸರಿ 3,300 ಡಾಲರುಗಳ ಆದಾಯ! ಹಾಲು ಕೊಡುವ ಎಮ್ಮೆಯನ್ನು ಚರ್ಮಕ್ಕಾಗಿ ಮಾರುವ ಗೃಹಸ್ಥನನ್ನು ನಮ್ಮ ಊರಿನಲ್ಲಿ ಏನೆನ್ನುತ್ತಿದ್ದರೋ ಅದೇ ಮಾತು ಇಲ್ಲಿಗೂ ಸಲ್ಲುತ್ತದೆ. 2010ರ ಮಾರ್ಚಿಯಲ್ಲಿ ಆ ದೇಶವು ತಾಟೆ ಮೀನುಗಾರಿಕೆಯನ್ನು ಪೂರ್ಣವಾಗಿ ನಿಷೇಧಿಸಿತು. ಇಂದು ಅಲ್ಲಿಯ ಫುವಮುಲಾ ದ್ವೀಪಕ್ಕೆ ಹುಲಿ ತಾಟೆಯನ್ನು ನೋಡಲೆಂದೇ ದೂರದೇಶಗಳಿಂದ ಜನ ಬರುತ್ತಾರೆ.

ಆದರೆ ಈ ಲೆಕ್ಕದಲ್ಲಿ ಒಂದು ಬಿರುಕಿದೆ. 32 ಡಾಲರು ಹೋದದ್ದು ಮೀನುಗಾರನ ಕಿಸೆಯಿಂದ. 3,300 ಡಾಲರು ಬಂದದ್ದು ಹಡಗಿನ ಒಡೆಯನ, ಹೊಟೇಲಿನವನ, ವಿಮಾನದ ಕಂಪನಿಯ ಗಲ್ಲಾಪೆಟ್ಟಿಗೆಗೆ. ಎರಡೂ ಒಂದೇ ಖಾತೆಯಲ್ಲ. ಒಬ್ಬನ ಹೊಟ್ಟೆಯನ್ನು ಕಟ್ಟಿಸಿ ಇನ್ನೊಬ್ಬನಿಗೆ ಬಡಿಸಿದ ಊಟ ಎಷ್ಟು ದಿನ ನಡೆದೀತು? ಮಾಲ್ದೀವಿನಲ್ಲೇ 2025ರಲ್ಲಿ ಸರ್ಕಾರವು ಆಳಸಮುದ್ರದ ಒಂದು ಬಗೆಯ ತಾಟೆಯನ್ನು ಹಿಡಿಯಲು ಮರಳಿ ಅವಕಾಶ ಕೊಡುವುದಾಗಿ ಸಾರಿತು. ಹದಿನೈದು ವರ್ಷಗಳಾದರೂ ಮೀನುಗಾರರ ಒತ್ತಾಯ ಆರಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಈ ಬಿರುಕನ್ನು ಬೇರೆ ಬಗೆಯಲ್ಲಿ ಬೆಸೆದವರು ನಮ್ಮ ನೆರೆಯ ಗುಜರಾತಿನವರು. ಸೌರಾಷ್ಟ್ರದ ವೇರಾವಳದ ಸುತ್ತಲಿನ ಕಡಲಿಗೆ ತಿಮಿಂಗಿಲ ತಾಟೆ ಬರುತ್ತದೆ. ಜಗತ್ತಿನ ಮೀನುಗಳಲ್ಲೆಲ್ಲ ದೊಡ್ಡದಾದ ಇದು ಹನ್ನೆರಡು ಮೀಟರಿಗೂ ಮೀರಿ ಬೆಳೆಯುವುದುಂಟು. ಆದರೂ ತಿನ್ನುವುದು ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು. ಅಲ್ಲಿಯ ಬೆಸ್ತರು ಮೊದಲು ಇದನ್ನು ಕೊಲ್ಲುತ್ತಿದ್ದುದು ಯಕೃತ್ತಿನ ಎಣ್ಣೆಗಾಗಿ. ಮರದ ದೋಣಿಗಳಿಗೆ ನೀರು ಹಿಡಿಯದಂತೆ ಆ ಎಣ್ಣೆಯನ್ನು ಬಳಿಯುತ್ತಿದ್ದರು. ಅನಂತರ ಮಾಂಸಕ್ಕೆ ಪರದೇಶದ ಗಿರಾಕಿ ಒದಗಿದ ಮೇಲೆ ಕೊಲೆ ವಿಪರೀತವಾಯಿತು. ಗಾಳಕ್ಕೆ ಪೀಪಾಯಿ ಕಟ್ಟಿ ಮೀನನ್ನು ದಣಿಸಿ ಹಿಡಿಯುತ್ತಿದ್ದುದರಿಂದ ಅದಕ್ಕೆ 'ಬ್ಯಾರಲ್' ಎಂಬ ಹೆಸರೇ ಬಿದ್ದಿತ್ತು. ಮೈಕ್ ಪಾಂಡೆಯವರು ಈ ಹತ್ಯೆಯನ್ನು ಚಲಚ್ಚಿತ್ರದಲ್ಲಿ ತೋರಿಸಿ ಜನರ ಕಣ್ಣು ತೆರೆಸಿದರು. 2001ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಹುಲಿ ಸಿಂಹಗಳಿಗೆ ಕೊಟ್ಟ ರಕ್ಷಣೆಯನ್ನೇ ಈ ಮೀನಿಗೂ ಕೊಟ್ಟಿತು.

ಕಾನೂನು ಕಾಗದದ ಮೇಲೆ ಬಂತು. ಬಲೆಗೆ ಬಿದ್ದ ಮೀನನ್ನು ಬಿಡುವವರು ಯಾರು? ಬಿಡಬೇಕಾದರೆ ಬಲೆಯನ್ನೇ ಕತ್ತರಿಸಬೇಕು. ಬಲೆಯೆಂದರೆ ಬೆಸ್ತನ ಬಂಡವಾಳ. 2004ರಲ್ಲಿ ವನ್ಯಜೀವಿ ರಕ್ಷಣೆಯ ಸಂಸ್ಥೆಯೊಂದು ಟಾಟಾ ಕೆಮಿಕಲ್ಸ್ ಹಾಗೂ ಗುಜರಾತಿನ ಅರಣ್ಯ ಇಲಾಖೆಯ ಜೊತೆಗೂಡಿ ಆರಂಭಿಸಿದ ಆಂದೋಲನಕ್ಕೆ ರಾಮಕಥೆಯ ಮೊರಾರಿ ಬಾಪು ಅವರು ಮುಂದಾದರು. ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳು. ಮನೆಗೆ ಬಂದ ಮಗಳನ್ನು ಕೊಲ್ಲುವವರುಂಟೇ - ಇಷ್ಟೇ ಅವರ ಬೋಧನೆಯ ಸಾರ. ಬ್ಯಾರಲ್ ಎನಿಸಿಕೊಂಡಿದ್ದ ಮೀನು 'ವ್ಹಾಲಿ', ಅಂದರೆ ಮುದ್ದಿನವಳು ಆಯಿತು. ಅದರ ಸಣ್ಣ ಮರಿಗಳು ಆ ಕರಾವಳಿಯಲ್ಲಿ ಸಿಕ್ಕಿರುವುದರಿಂದ ತವರಿನ ಮಾತು ಕೇವಲ ಉಪಮೆಯಾಗಿಯೂ ಉಳಿದಿಲ್ಲ. ಆದರೆ ಉಪದೇಶವೊಂದರಿಂದಲೇ ಕೆಲಸವಾಯಿತೆಂದು ಹೇಳಿದರೆ ಅದು ಅರ್ಧ ಸತ್ಯ. ಕತ್ತರಿಸಿದ ಬಲೆಗೆ ಸರ್ಕಾರ ಪರಿಹಾರ ಕೊಡತೊಡಗಿತು. ಅಧಿಕಾರಿಗಳಿಗಾಗಿ ಕಾಯದೆ ಬೆಸ್ತರೇ ಫೋಟೋ ತೆಗೆದು ಸಾಕ್ಷ್ಯ ಒಪ್ಪಿಸುವಂತೆ ಅವರ ಕೈಗೆ ಕ್ಯಾಮರಾ ಬಂತು. ಹೀಗೆ ಈವರೆಗೆ ಒಂಬೈನೂರಕ್ಕೂ ಹೆಚ್ಚು ತಿಮಿಂಗಿಲ ತಾಟೆಗಳು ಬಿಡುಗಡೆ ಕಂಡಿವೆ. ಮಾನವೂ ಉಳಿಯಿತು, ಬಲೆಯ ಬೆಲೆಯೂ ಬಂತು. ಎರಡರಲ್ಲಿ ಒಂದು ತಪ್ಪಿದ್ದರೂ ಈ ಕಾರ್ಯ ಸಾಗುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ನಮ್ಮ ಅಡುಗೆಮನೆಯ ಮಾತನ್ನೂ ಆಡಿಬಿಡೋಣ. ಹೊಟೇಲಿನ ದಿನಗಳಲ್ಲಿ ಭಾನುವಾರದ ತಾಟೆ ಗಸಿಯಿಂದ ಕಲ್ಯಾಣದಲ್ಲಿ ನಾಲ್ಕು ಜನರ ಬಾಯಲ್ಲಿ ಹೆಸರು ಪಡೆದವನು ಈ ಲೇಖಕ. ತಾಟೆ ತಿನ್ನಬೇಡಿರೆಂದು ಯಾರಿಗೂ ಹೇಳಲಾರ. ಠಾಣೆ ಕಲ್ಯಾಣಗಳ ಮಾರುಕಟ್ಟೆಗಳಲ್ಲಿ ಮುಶಿಯೆಂದು ಮಾರಾಟವಾಗುವುದರಲ್ಲಿ ಬಹುಪಾಲು, ಪೂರ್ಣ ಬೆಳೆದರೂ ಮೀಟರಿಗಿಂತ ಕಡಿಮೆಯಿರುವ ಚಪ್ಪಟೆ ಮೂತಿಯ ಸಣ್ಣ ಜಾತಿ. ಕಾನೂನು ಅದನ್ನು ನಿಷೇಧಿಸಿಲ್ಲ. ತೊಡಕಿರುವುದು, ಅದರ ಜೊತೆಯಲ್ಲಿ ದೊಡ್ಡ ಜಾತಿಗಳ ಎಳೆಯ ಮರಿಗಳೂ ಬುಟ್ಟಿಗೆ ಬರುವುದರಲ್ಲಿ. ಬೂತಾಯಿ ಒಂದೊಂದು ಋತುವಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ನಷ್ಟವನ್ನು ತುಂಬಿಕೊಳ್ಳುತ್ತದೆ. ದೊಡ್ಡ ತಾಟೆ ಹಾಗಲ್ಲ. ಪ್ರಾಯಕ್ಕೆ ಬರಲು ಹತ್ತಾರು ವರ್ಷ, ಬಸಿರು ಸುಮಾರು ಒಂದು ವರ್ಷ, ಹೆರುವುದು ಹಲವು ಜಾತಿಗಳಲ್ಲಿ ಹತ್ತು ಹನ್ನೆರಡು ಮರಿ. 1970ರಿಂದೀಚೆಗೆ ತೆರೆಗಡಲಿನ ತಾಟೆ ಮತ್ತು ತೊರಕೆಗಳ ಸಂಖ್ಯೆ ನೂರಕ್ಕೆ 71ರಷ್ಟು ಇಳಿದಿದೆಯೆಂದು 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. "ಮೊದಲಿನಷ್ಟು ದೊಡ್ಡದು ಎಲ್ಲಿ ಬರುತ್ತದೆ, ಅಣ್ಣಾ?" ಎಂದು ಹಲವು ವರ್ಷ ನಮಗೆ ಮೀನು ಕೊಟ್ಟ ಕೋಳಿ ಹೆಂಗಸು ಕೇಳುತ್ತಿದ್ದುದು ಇದೇ ಮಾತನ್ನು.

ಮಾಲ್ದೀವಿನ ಖರ್ಚು ಭರಿಸಲಾರದವರಿಗೆ ನಮ್ಮ ನಾಡಿನಲ್ಲೇ ನೇತ್ರಾಣಿಯಿದೆ. ಠಾಣೆಯಲ್ಲೋ ಪನವೇಲಿನಲ್ಲೋ ಮತ್ಸ್ಯಗಂಧ ಗಾಡಿ ಹತ್ತಿದರೆ ಮುರುಡೇಶ್ವರದಲ್ಲಿ ಇಳಿಯಬಹುದು. ಅಲ್ಲಿಂದ ಕಡಲಿನೊಳಗೆ ಸುಮಾರು ಹತ್ತೊಂಬತ್ತು ಕಿಲೋಮೀಟರು. ಇಲ್ಲಿ ಹಡಗುವಾಸವಿಲ್ಲ, ಬೆಳಿಗ್ಗೆ ದೋಣಿಯಲ್ಲಿ ಹೋಗಿ ಅಂದೇ ಮರಳುವ ಏರ್ಪಾಡು, ಅದೂ ಮಳೆಗಾಲ ಕಳೆದ ಮೇಲೆ. ಹವಳದ ಬಂಡೆಗಳು, ಬಣ್ಣದ ಮೀನುಗಳು, ಬಂಡೆಯ ಸಂದಿನಲ್ಲಿ ಬಿದಿರು ತಾಟೆ. ಅದೃಷ್ಟವಂತರಿಗೆ ಇದಕ್ಕಿಂತ ದೊಡ್ಡದು. ನೌಕಾಪಡೆಯು ಗುಂಡಿನ ಗುರಿಯ ಅಭ್ಯಾಸಕ್ಕೆ ಬಳಸಿಕೊಂಡ ದ್ವೀಪವಿದು. ಬೆಸ್ತರು ಹರಕೆ ಹೊತ್ತು ಆಡು ಬಿಟ್ಟುಬರುತ್ತಿದ್ದ ಸ್ಥಳವೂ ಹೌದು. ಪುನೀತ್ ರಾಜಕುಮಾರ್ ಇಲ್ಲಿಯ ನೀರಿಗಿಳಿದ ದೃಶ್ಯಗಳನ್ನು, ಅವರು ಅಗಲಿದ ಮರುವರ್ಷ, 2022ರ ಅಕ್ಟೋಬರಿನಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ನಮ್ಮವರು ಕಣ್ತುಂಬಿಕೊಂಡಿದ್ದಾರೆ. ನೇತ್ರಾಣಿಯ ಹೆಸರು ನಮ್ಮ ಮನೆಮನೆಗಳನ್ನು ಹೊಕ್ಕದ್ದು ಬಹುಶಃ ಆಗಲೇ.

ಹೋಗುವ ನಮ್ಮ ತರುಣರು ಟಿಕೇಟು ಕೊಳ್ಳುವ ಮುನ್ನ ದೋಣಿಯವನನ್ನು ಕೆಲವು ಪ್ರಶ್ನೆ ಕೇಳಲಿ. ಲಂಗರನ್ನು ಹವಳದ ಮೇಲೆ ಎಸೆಯುತ್ತೀರೋ, ಅಥವಾ ಕಟ್ಟಲು ತೇಲುಬುರುಡೆಯಿದೆಯೋ? ಮೀನನ್ನು ಹತ್ತಿರ ಕರೆಯಲು ತಿಂಡಿ ಎಸೆಯುತ್ತೀರೋ? ದೋಣಿ ನಡೆಸುವವರು, ನೀರಿನಲ್ಲಿ ಕೈಹಿಡಿದು ಕರೆದೊಯ್ಯುವವರು ಮುರುಡೇಶ್ವರ, ಭಟ್ಕಳದ ಬೆಸ್ತರ ಮಕ್ಕಳೋ, ಹೊರಗಿನಿಂದ ಬಂದವರೋ? ಉತ್ತರ ಸಿಗದಿದ್ದರೂ ಚಿಂತೆಯಿಲ್ಲ. ಗಿರಾಕಿ ಕೇಳಿದ್ದನ್ನು ಹೊಟೇಲಿನವನು ರಾತ್ರಿ ಗಲ್ಲಾ ಮುಚ್ಚುವಾಗ ನೆನೆಯದಿರುವುದಿಲ್ಲ. ನಾಲ್ಕು ಮಂದಿ ಅದನ್ನೇ ಕೇಳಿದರೆ ಮರುವಾರ ಪಟ್ಟಿಯಲ್ಲಿ ಅದು ಬಂದಿರುತ್ತದೆ. ದೋಣಿಯವನೂ ವ್ಯಾಪಾರಿಯೇ.